ಕೋವಿ ಬಾಯಿಯ ಒಂದು ಮಿಲಿಮೀಟರ್



ಕೈಗೆ ಸಿಗುವಲ್ಲಿ ಕಾಗದ, ಪೆನ್ನು ಇದ್ದರೆ ಇಟ್ಟುಕೊಳ್ಳಿ. ಇವತ್ತಿನ ಮಾತಿನಲ್ಲಿ ಕೆಲವು ಅಂಕಿಗಳು ಬರುತ್ತವೆ. ಬರೆದುಕೊಂಡರೆ ಮುಂದೆ ಉಪಯೋಗಕ್ಕೆ ಬರುವಂಥವು.

12 ಬೋರ್ ಕೋವಿಯ ನಳಿಗೆಯ ಒಳ ಅಗಲ ಸುಮಾರು 18.5 ಮಿಲಿಮೀಟರ್. ತೋಟಾ ಕೂರುವ ಜಾಗ ದಾಟಿದ ಮೇಲೆ ನಳಿಗೆಯ ಉದ್ದಕ್ಕೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಾಯಿಯ ಹತ್ತಿರ, ಕೊನೆಯ ಎರಡು ಮೂರು ಅಂಗುಲದಲ್ಲಿ ಮಾತ್ರ ಅದು ಚೂರು ಕಿರಿದಾಗುತ್ತದೆ. ತೀರಾ ಬಿಗಿಯಾದ ನಳಿಗೆಯಲ್ಲೂ ಕಿರಿದಾಗುವುದು ಸುಮಾರು 1 ಮಿಲಿಮೀಟರ್, ಅಷ್ಟೇ. ಈ ಬಿಗಿತಕ್ಕೆ ಚೋಕ್ ಎನ್ನುತ್ತಾರೆ. ಹಳೆಯ ಕೋವಿಗಳಲ್ಲಿ ಇದನ್ನು ನಳಿಗೆಯಲ್ಲೇ ಕೊರೆದಿರುತ್ತಾರೆ, ಬದಲಾಯಿಸಲು ಬರುವುದಿಲ್ಲ. ಈಗಿನ ಕೋವಿಗಳಲ್ಲಿ ಬಾಯಿಗೆ ತಿರುಪಿ ಕೂರಿಸುವ ಬೆರಳುದ್ದದ ಉಕ್ಕಿನ ಕೊಳವೆ ಇರುತ್ತದೆ. ಅದೇ ಚೋಕ್ ಟ್ಯೂಬ್. ಬೇಕೆಂದಾಗ ಬಿಚ್ಚಿ ಬೇರೆ ಬಿಗಿತದ್ದನ್ನು ಹಾಕಬಹುದು.

ಕೊಡಗಿನಲ್ಲಿ ಕೋವಿ ಮನೆಯ ಸದಸ್ಯನಂತೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಮುಗಿಯಿತು. ಈಗ ಚರೆಕೋವಿಗೆ ನಿಜವಾದ ಕೆಲಸ ಇರುವುದು ಶೂಟಿಂಗ್ ರೇಂಜಿನಲ್ಲಿ, ಹಾರುವ ಕ್ಲೇ ತಟ್ಟೆಯ ಮೇಲೆ. ಅಲ್ಲಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಕೇಳುವ ಮೊದಲ ಪ್ರಶ್ನೆ: ಯಾವ ಚೋಕ್ ಒಳ್ಳೆಯದು? ಈ ಪ್ರಶ್ನೆಗೆ ಉತ್ತರ ಇಲ್ಲ. ಎಷ್ಟು ದೂರಕ್ಕೆ, ಯಾವ ತೋಟಾಕ್ಕೆ ಎಂದು ಕೇಳಿದರೆ ಉತ್ತರ ಉಂಟು. ಅಂಗಡಿಯವನ ಮಾತಾಗಲಿ, ಟ್ಯೂಬಿನ ಮೇಲೆ ಕೊರೆದ ಅಕ್ಷರವಾಗಲಿ ಆ ಉತ್ತರ ಕೊಡಲಾರದು. ಒಂದು ದೊಡ್ಡ ಕಾಗದ ಕೊಡುತ್ತದೆ. ಅದು ಹೇಗೆಂದು ಹೇಳುವುದೇ ಇವತ್ತಿನ ಮಾತಿನ ಉದ್ದೇಶ.

ಮೊದಲು ಚೋಕ್ ಏನು ಮಾಡುತ್ತದೆ ನೋಡೋಣ. ಈಡು ಹಾರಿದಾಗ ನೂರಾರು ಚರೆಗಳು ಒಂದು ಕಂತೆಯಾಗಿ ನಳಿಗೆಯಲ್ಲಿ ಓಡುತ್ತವೆ. ಬಾಯಿಯಿಂದ ಹೊರಬಿದ್ದ ಕೂಡಲೇ ಕಂತೆ ಬಿಚ್ಚಿಕೊಂಡು ಹರಡತೊಡಗುತ್ತದೆ. ಬಾಯಿಯ ಬಳಿ ದಾರಿ ಕಿರಿದಾಗಿದ್ದರೆ ಅಂಚಿನ ಚರೆಗಳಿಗೆ ಒಳಮುಖವಾದ ಸಣ್ಣ ತಳ್ಳು ಸಿಗುತ್ತದೆ, ಕಂತೆ ತುಸು ಉದ್ದವಾಗುತ್ತದೆ. ಹರಡುವುದು ನಿಲ್ಲುವುದಿಲ್ಲ, ತಡವಾಗುತ್ತದೆ. ಚೋಕಿನಿಂದ ಕೋವಿಗೆ ಹೆಚ್ಚಿನ ಶಕ್ತಿ ಬರುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಹಾಗೇನಿಲ್ಲ. ಒಂದೊಂದು ಚರೆಯ ಏಟು ಹೆಚ್ಚುಕಡಿಮೆ ಅಷ್ಟೇ. ಗುರಿಗೆ ತಗಲುವ ಚರೆಗಳ ಸಂಖ್ಯೆ ಬೇರೆ.

ಈ ಉಪಾಯಕ್ಕೆ ನೂರೈವತ್ತು ವರ್ಷ ದಾಟಿದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಕೋವಿ ತಯಾರಕ ಡಬ್ಲ್ಯು. ಆರ್. ಪೇಪ್ 1866ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ಬಿಚ್ಚಿ ಹಾಕುವ ಚೋಕಿಗೆ ಅಮೆರಿಕದ ಸಿಲ್ವೆಸ್ಟರ್ ರೋಪರ್ 1868ರಲ್ಲಿ ಪೇಟೆಂಟ್ ತೆಗೆದ. ಆದರೆ ಚೋಕನ್ನು ಮನೆಮಾತು ಮಾಡಿದ್ದು ಬರ್ಮಿಂಗ್‌ಹ್ಯಾಮಿನ ಡಬ್ಲ್ಯು. ಡಬ್ಲ್ಯು. ಗ್ರೀನರ್. 1875ರಲ್ಲಿ ಲಂಡನ್ನಿನಲ್ಲಿ ನಡೆದ ಕೋವಿ ಪರೀಕ್ಷೆಯಲ್ಲಿ ಚೋಕ್ ಕೊರೆದ ನಳಿಗೆಗಳು ಮೇಲುಗೈ ಪಡೆದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

ಈಗ ಬರೆದುಕೊಳ್ಳುವ ಅಂಕಿಗಳು. ಒಂದು ಅಳತೆಗೋಲು ಹಿಂದಿನಿಂದ ಬಂದಿದೆ: 40 ಗಜ, ಅಂದರೆ 36.5 ಮೀಟರ್ ದೂರದಲ್ಲಿ 30 ಅಂಗುಲ, ಅಂದರೆ 76 ಸೆಂಟಿಮೀಟರ್ ವ್ಯಾಸದ ವೃತ್ತದೊಳಗೆ ತೋಟಾದ ಎಷ್ಟು ಪಾಲು ಚರೆ ಬಿತ್ತು ಎಂಬುದು. ಬಿಗಿತವೇ ಇಲ್ಲದ ನಳಿಗೆಗೆ ಸಿಲಿಂಡರ್ ಎನ್ನುತ್ತಾರೆ, ಅದರಲ್ಲಿ ಶೇ. 40. ಕಾಲು ಮಿಲಿಮೀಟರ್ ಬಿಗಿಯಾದರೆ ಇಂಪ್ರೂವ್ಡ್ ಸಿಲಿಂಡರ್, ಶೇ. 50. ಅರ್ಧ ಮಿಲಿಮೀಟರ್ ಆದರೆ ಅಮೆರಿಕದವರ ಬಾಯಲ್ಲಿ ಮಾಡಿಫೈಡ್, ನಮ್ಮ ಹಳಬರ ಬಾಯಲ್ಲಿ ಹಾಫ್ ಚೋಕ್, ಶೇ. 60. ಸುಮಾರು 1 ಮಿಲಿಮೀಟರ್ ಆದರೆ ಫುಲ್ ಚೋಕ್, ಶೇ. 70. ಬಹಳಷ್ಟು ಟ್ಯೂಬುಗಳ ಬಾಯಂಚಿನಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಒಂದು ಕಚ್ಚು ಇದ್ದರೆ ಫುಲ್, ಐದಿದ್ದರೆ ಸಿಲಿಂಡರ್. ಕಚ್ಚು ಕಡಿಮೆಯಾದಷ್ಟೂ ಬಿಗಿ ಹೆಚ್ಚು. ಕೋವಿಯಿಂದ ಬಿಚ್ಚದೆಯೇ ಗುರುತು ಹಿಡಿಯಲು ಮಾಡಿದ ಏರ್ಪಾಡು ಇದು.

ಈ ಪಟ್ಟಿ ಕೇಳಿದ ಕೂಡಲೇ ಫುಲ್ ಚೋಕೇ ಮೇಲು ಅನ್ನಿಸುವುದು ಸಹಜ. ಅಲ್ಲೇ ಎಡವುವುದು. 18 ಮೀಟರ್ ದೂರದಲ್ಲಿ ಫುಲ್ ಚೋಕಿನ ಚರೆಗುಂಪಿನ ಅಗಲ ಸುಮಾರು 40 ಸೆಂಟಿಮೀಟರ್. ಸಿಲಿಂಡರಿನದು ಹತ್ತಿರ ಹತ್ತಿರ ಅದರ ಇಮ್ಮಡಿ. ಗುರಿ ಹತ್ತಿರದಲ್ಲಿದ್ದಾಗ ಬಿಗಿ ಚೋಕ್ ಹಾಕಿಕೊಂಡವನು ತನಗೆ ಸಿಗಬೇಕಾದ ಅನುಕೂಲದ ಅರ್ಧವನ್ನು ತಾನೇ ಬಿಟ್ಟುಕೊಟ್ಟಂತೆ. ಗುರಿಯಲ್ಲಿ ಒಂದು ಗೇಣು ಆಚೀಚೆಯಾದರೆ ತಟ್ಟೆ ಉಳಿಯಿತು.

ದೂರದ ತಟ್ಟೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಕಷ್ಟ. ಲೆಕ್ಕ ಹಾಕಿ ನೋಡಿ. ಅಂತರರಾಷ್ಟ್ರೀಯ ಸ್ಪರ್ಧೆಯ ತೋಟಾದಲ್ಲಿ ಚರೆಯ ತೂಕ 24 ಗ್ರಾಂ. 2.4 ಮಿಲಿಮೀಟರಿನ ಚರೆಯಾದರೆ ಸುಮಾರು 300 ಇರುತ್ತವೆ. ಕ್ಲೇ ತಟ್ಟೆಯ ವ್ಯಾಸ 11 ಸೆಂಟಿಮೀಟರ್, ದಪ್ಪ ಸುಮಾರು ಎರಡೂವರೆ. ಅದು ಅಂಚು ತೋರಿಸಿಕೊಂಡು ದೂರ ಓಡುವಾಗ ನಮ್ಮ ಕಣ್ಣಿಗೆ, ಚರೆಗೆ ಸಿಗುವ ಜಾಗ ಹೆಚ್ಚೆಂದರೆ 27 ಚದರ ಸೆಂಟಿಮೀಟರ್. 40 ಗಜದಲ್ಲಿ ಫುಲ್ ಚೋಕಿನಿಂದ ವೃತ್ತದೊಳಗೆ 210 ಚರೆ ಬಿದ್ದರೆ, ಸರಾಸರಿ 22 ಚದರ ಸೆಂಟಿಮೀಟರಿಗೆ ಒಂದು. ಸಿಲಿಂಡರಿನಲ್ಲಿ 120 ಬಿದ್ದರೆ, 38 ಚದರ ಸೆಂಟಿಮೀಟರಿಗೆ ಒಂದು. ಅಂದರೆ ಸಿಲಿಂಡರ್ ಹಾಕಿಕೊಂಡವನು ಗುರಿ ಸರಿಯಾಗಿ ಹಿಡಿದೂ ತಟ್ಟೆ ತಪ್ಪಿಸಿಕೊಳ್ಳಬಹುದು. ಚರೆಗಳ ನಡುವೆ ಅದಕ್ಕೆ ದಾರಿ ಇದೆ.

ಹಾಗಾಗಿ ಆಟ ಯಾವುದು, ತಟ್ಟೆ ಒಡೆಯುವ ದೂರ ಎಷ್ಟು ಎಂದು ಮೊದಲು ನೋಡಿ. ಸ್ಕೀಟ್ ಆಟದಲ್ಲಿ ಅರ್ಧವೃತ್ತದ ಎರಡು ತುದಿಯ ಎರಡು ಮನೆಗಳಿಂದ, ಒಂದು ಎತ್ತರದ್ದು ಒಂದು ತಗ್ಗಿನದು, ತಟ್ಟೆಗಳು ಅಡ್ಡ ಹಾರುತ್ತವೆ. ಹೆಚ್ಚಿನ ಈಡುಗಳು 20 ಮೀಟರಿನ ಆಸುಪಾಸಿನವು. 2 ಮಿಲಿಮೀಟರಿನ ಸಣ್ಣ ಚರೆ, ತೋಟಾಕ್ಕೆ ಸುಮಾರು 500. ಇಲ್ಲಿ ಸಿಲಿಂಡರ್ ಇಲ್ಲವೇ ಅದಕ್ಕಿಂತ ಕೂದಲೆಳೆಯಷ್ಟು ಬಿಗಿಯಾದ, ಸ್ಕೀಟ್ ಎಂದೇ ಹೆಸರಿರುವ ಟ್ಯೂಬ್ ಸರಿ. ಟ್ರ್ಯಾಪ್ ಆಟ ಬೇರೆ. ಶೂಟರ್‌ನ ಮುಂದೆ 15 ಮೀಟರಿನಾಚೆ ಹಳ್ಳದಿಂದ ತಟ್ಟೆ ಎದ್ದು, ತಡೆಯದಿದ್ದರೆ 76 ಮೀಟರ್ ದೂರ ಹೋಗುತ್ತದೆ. ಮೊದಲ ಈಡು ತಟ್ಟೆಯನ್ನು ಮುಟ್ಟುವಷ್ಟರಲ್ಲಿ ಅದು ಮೂವತ್ತಕ್ಕೂ ಹೆಚ್ಚು ಮೀಟರ್ ದೂರದಲ್ಲಿರುತ್ತದೆ. ಅರ್ಹತಾ ಸುತ್ತಿನಲ್ಲಿ ಒಂದು ತಟ್ಟೆಗೆ ಎರಡು ಈಡಿನ ಅವಕಾಶ ಉಂಟು. ಎರಡನೆಯದು ಇನ್ನೂ ದೂರದ್ದು. ಅದಕ್ಕೇ ಮೊದಲ ನಳಿಗೆಗೆ ಹಾಫ್ ಚೋಕಿಗಿಂತ ತುಸು ಬಿಗಿಯಾದದ್ದನ್ನೂ ಎರಡನೆಯದಕ್ಕೆ ಫುಲ್ ಅನ್ನೂ ಹಾಕುವುದು ರೂಢಿ. ಫೈನಲ್‌ನಲ್ಲಿ ಒಂದೇ ಈಡು. ಆಗ ಎರಡನೆಯ ನಳಿಗೆಯ ಟ್ಯೂಬ್ ಯಾವುದಾದರೇನು, ಮೊದಲನೆಯದೇ ಎಲ್ಲ.

ಜೋಡು ನಳಿಗೆಗೆ ಎರಡು ಬಿಗಿತ ಏಕೆ ಎಂಬುದಕ್ಕೆ ಡಬಲ್ ಟ್ರ್ಯಾಪ್‌ನಷ್ಟು ಒಳ್ಳೆಯ ಉದಾಹರಣೆ ಇಲ್ಲ. ರಾಜ್ಯವರ್ಧನ್ ಸಿಂಗ್ ರಾಠೋಡ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಈ ಆಟದಲ್ಲೇ. 200 ತಟ್ಟೆಗಳಲ್ಲಿ 179 ಒಡೆದರು. ಎರಡು ತಟ್ಟೆಗಳು ಒಟ್ಟಿಗೇ ಏಳುತ್ತವೆ. ಒಂದನ್ನು ಹತ್ತಿರದಲ್ಲೇ ಒಡೆದು, ಕೋವಿ ಹೊರಳಿಸಿ ಇನ್ನೊಂದನ್ನು ಹಿಡಿಯುವಷ್ಟರಲ್ಲಿ ಅದು ಹಲವು ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಮೊದಲ ನಳಿಗೆ ಸಡಿಲ, ಎರಡನೆಯದು ಬಿಗಿ. ಒಂದೇ ತಟ್ಟೆಯ ಬೆಲೆ ಏನೆಂಬುದನ್ನು 2024ರ ಪ್ಯಾರಿಸ್ ಒಲಿಂಪಿಕ್ಸ್ ತೋರಿಸಿತು. ಸ್ಕೀಟ್ ಮಿಶ್ರ ತಂಡ ಸ್ಪರ್ಧೆಯಲ್ಲಿ ಮಹೇಶ್ವರಿ ಚೌಹಾನ್ ಮತ್ತು ಅನಂತಜೀತ್ ಸಿಂಗ್ ನರೂಕಾ ಅವರಿಗೆ ಕಂಚು ತಪ್ಪಿದ್ದು 43–44ರಲ್ಲಿ.

ಇನ್ನು ಕಾಗದದ ಮಾತು. ಟ್ಯೂಬಿನ ಮೇಲೆ ಫುಲ್ ಎಂದು ಕೊರೆದಿದ್ದರೆ ಅದು ಫುಲ್ ಆಗಿಯೇ ನಡೆಯಬೇಕೆಂದಿಲ್ಲ. ಬಿಗಿತ ಎಂದರೆ ನಳಿಗೆಯ ಅಗಲದಿಂದ ಟ್ಯೂಬಿನ ಬಾಯಗಲ ಕಳೆದು ಉಳಿಯುವ ಅಂಕಿ. ನಳಿಗೆಗಳೆಲ್ಲ 18.5 ಇರುವುದಿಲ್ಲ. ಕೆಲವು ತಯಾರಕರು ಬೇಕೆಂದೇ ಅಗಲವಾಗಿ, 18.8ರವರೆಗೂ ಕೊರೆಯುತ್ತಾರೆ. ಅದರ ಮೇಲೆ ತೋಟಾದ ಗುಣ. ಚರೆಯ ಸೀಸಕ್ಕೆ ಆಂಟಿಮನಿ ಬೆರೆಸಿ ಗಟ್ಟಿ ಮಾಡಿದ್ದರೆ ಅದು ದುಂಡಗೆ ಉಳಿದು ನೆಟ್ಟಗೆ ಹೋಗುತ್ತದೆ. ಮೆತ್ತನೆಯ ಚರೆ ನಳಿಗೆಯಲ್ಲೇ ಜಜ್ಜಿ, ಹೊರಬಿದ್ದ ಮೇಲೆ ಗುಂಪು ಬಿಟ್ಟು ಎತ್ತೆತ್ತಲೋ ಹೋಗುತ್ತದೆ. ಉಕ್ಕಿನ ಚರೆ ಜಜ್ಜುವುದೇ ಇಲ್ಲ. ಅದಕ್ಕೆ ಹಾಫ್ ಚೋಕೇ ಫುಲ್‌ನಷ್ಟು ಕೆಲಸ ಮಾಡುತ್ತದೆ, ಉಕ್ಕಿಗೆಂದು ಗುರುತಿಲ್ಲದ ಬಿಗಿ ಟ್ಯೂಬಿನಲ್ಲಿ ಅದನ್ನು ಹಾರಿಸಬಾರದು.

ಪರೀಕ್ಷೆ ಮಾಡುವುದು ಹೀಗೆ. ನಾಲ್ಕಡಿ ಚೌಕದ ಕಾಗದವನ್ನು ರೇಂಜಿನಲ್ಲಿ, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ ನಿಲ್ಲಿಸಿ. ನಡುವೆ ಒಂದು ಗುರುತು ಹಾಕಿ. ನೀವು ತಟ್ಟೆ ಒಡೆಯುವ ದೂರ ಎಷ್ಟೋ ಅಷ್ಟೇ ದೂರದಿಂದ, ನೀವು ಸ್ಪರ್ಧೆಯಲ್ಲಿ ಬಳಸುವ ತೋಟಾದಿಂದಲೇ ಒಂದು ಈಡು ಹಾರಿಸಿ. ತೂತುಗಳು ಎಲ್ಲಿ ದಟ್ಟವಾಗಿವೆಯೋ ಅದನ್ನು ಕೇಂದ್ರ ಮಾಡಿ 76 ಸೆಂಟಿಮೀಟರಿನ ವೃತ್ತ ಎಳೆಯಿರಿ. ನೀವು ಹಾಕಿದ ಗುರುತಿನಿಂದ ಆ ಕೇಂದ್ರ ಎಷ್ಟು ಸರಿದಿದೆ ಎಂಬುದನ್ನೂ ಬರೆದಿಡಿ. ಟ್ಯೂಬ್ ಓರೆಯಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಒಂದು ಕಾಗದ ನಂಬಬೇಡಿ. ಒಂದೊಂದು ಟ್ಯೂಬಿಗೆ ಕಡಿಮೆಯೆಂದರೂ ಐದು ಕಾಗದ ಬೇಕು, ಏಕೆಂದರೆ ಒಂದೇ ಪೊಟ್ಟಣದ ತೋಟಾಗಳೂ ಒಂದೊಂದು ಸಲ ಒಂದೊಂದು ರೀತಿ ಹರಡುತ್ತವೆ.

ಆಮೇಲೆ ಎಣಿಕೆಗಿಂತ ಮುಖ್ಯವಾದ ಕೆಲಸ. ರಟ್ಟಿನಲ್ಲಿ ತಟ್ಟೆಯ ಅಂಚಿನ ಆಕಾರ, ಅಂದರೆ 11 ಸೆಂಟಿಮೀಟರ್ ಉದ್ದ, ಎರಡೂವರೆ ಎತ್ತರದ ಪಟ್ಟಿ ಕತ್ತರಿಸಿಕೊಂಡು ವೃತ್ತದೊಳಗೆ ಎಲ್ಲ ಕಡೆ ಸರಿಸಿ ನೋಡಿ. ಒಂದೂ ತೂತು ಮುಚ್ಚದೆ ಆ ಪಟ್ಟಿ ಕೂರುವ ಜಾಗಗಳು ಬಹಳ ಇದ್ದರೆ ಒಂದು ಮೆಟ್ಟಿಲು ಬಿಗಿ ಮಾಡಿ. ಎಲ್ಲಿಟ್ಟರೂ ನಾಲ್ಕೈದು ತೂತು ಸಿಕ್ಕಿ, ವೃತ್ತದ ಹೊರವಲಯ ಖಾಲಿ ಇದ್ದರೆ ಒಂದು ಮೆಟ್ಟಿಲು ಸಡಿಲಿಸಿ. ಚೋಕ್ ಆರಿಸುವುದೆಂದರೆ ಇಷ್ಟೇ.

ಮನೆಯಲ್ಲಿ ತಲೆಮಾರುಗಳಿಂದ ಬಂದ ಜೋಡು ನಳಿಗೆ ಕೋವಿ ಇರುವವರಿಗೆ ಎರಡು ಮಾತು. ಅಂಥವುಗಳಲ್ಲಿ ಸಾಮಾನ್ಯವಾಗಿ ಬಲ ನಳಿಗೆ ಸಡಿಲ, ಎಡ ನಳಿಗೆ ಫುಲ್. ಆ ಬಿಗಿತವನ್ನು ಕೊರೆದ ಕಾಲದಲ್ಲಿ ತೋಟಾದೊಳಗೆ ಉಣ್ಣೆಯ ಬಿಲ್ಲೆ ಇರುತ್ತಿತ್ತು. ಈಗ ಚರೆಯನ್ನು ಸುತ್ತುವರಿಯುವ ಪ್ಲಾಸ್ಟಿಕ್ ಬಟ್ಟಲು ಇರುತ್ತದೆ, ಚರೆ ನಳಿಗೆಗೆ ಉಜ್ಜುವುದಿಲ್ಲ. ಅದರಿಂದ ಹಳೆಯ ಫುಲ್ ಚೋಕ್ ಇಂದಿನ ತೋಟಾದಲ್ಲಿ ಇನ್ನಷ್ಟು ಬಿಗಿಯಾಗಿಯೇ ನಡೆಯಬಹುದು. ಇನ್ನೊಂದು, ಒಂಟಿ ಗುಂಡಿನ ತೋಟಾವನ್ನು ಫುಲ್ ಚೋಕಿನಲ್ಲಿ ಹಾರಿಸುವುದು ಅಪಾಯ. ಬ್ರಿಟನ್ನಿನ ಪರೀಕ್ಷಾ ಮನೆಗಳು 1875ರಿಂದ 1887ರವರೆಗೆ ಚೋಕ್ ಇರುವ ನಳಿಗೆಯ ಮೇಲೆ, ಇದು ಒಂಟಿ ಗುಂಡಿಗಲ್ಲ ಎಂದೇ ಮುದ್ರೆ ಒತ್ತುತ್ತಿದ್ದವು. ಮುದ್ರೆ ನಿಂತಿರಬಹುದು, ಕಾರಣ ನಿಂತಿಲ್ಲ. ನಳಿಗೆ ಉದ್ದವಾಯಿತೆಂದು ಕತ್ತರಿಸುವ ಯೋಚನೆಯನ್ನೂ ಮಾಡಬೇಡಿ. ಬಾಯಿ ಕತ್ತರಿಸಿದರೆ ಚೋಕೂ ಅದರೊಂದಿಗೆ ಹೋಗುತ್ತದೆ. ಪರವಾನಗಿ ಇಲ್ಲದೆ ನಳಿಗೆ ಮೊಟಕು ಮಾಡುವುದು 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಅಪರಾಧ ಕೂಡ.

ಈಗ ಆರೈಕೆ. ಏನೇ ಮಾಡುವ ಮುಂಚೆ ಕೋವಿ ಮಡಚಿ, ಎರಡೂ ನಳಿಗೆ ಖಾಲಿ ಎಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತ ಮಾಡಿಕೊಳ್ಳಿ. ಟ್ಯೂಬ್ ಬಿಗಿಯಾಗಿದೆಯೇ ಎಂದು ನೋಡುವಾಗಲೂ ಕೋವಿ ಮಡಚಿಯೇ ಇರಬೇಕು.

ಟ್ಯೂಬಿಗೆ ಮೂವರು ಶತ್ರುಗಳು: ಸುಟ್ಟ ಮದ್ದಿನ ಕರಿ, ಪ್ಲಾಸ್ಟಿಕ್ ಮತ್ತು ಸೀಸದ ಮೆತ್ತು, ನೀರು. ಕರಿ ಟ್ಯೂಬಿನ ಹೊರಮೈಗೂ ನಳಿಗೆಗೂ ನಡುವೆ ನುಗ್ಗಿ ಥ್ರೆಡ್ಡಿನಲ್ಲಿ ಗಟ್ಟಿಯಾಗುತ್ತದೆ. ತಿಂಗಳುಗಟ್ಟಲೆ ಬಿಚ್ಚದೆ ಬಿಟ್ಟರೆ ಟ್ಯೂಬ್ ನಳಿಗೆಯೊಂದಿಗೆ ಒಂದಾಗಿಬಿಡುತ್ತದೆ. ಅದಕ್ಕೆ ಪ್ರತಿ ಶೂಟಿಂಗ್ ದಿನದ ಕೊನೆಗೆ ಟ್ಯೂಬ್ ಬಿಚ್ಚುವ ಅಭ್ಯಾಸ ಇಟ್ಟುಕೊಳ್ಳಿ. ಕೋವಿ ಶುದ್ಧಿಗೆಂದೇ ಸಿಗುವ ದ್ರಾವಣದಲ್ಲಿ ಸ್ವಲ್ಪ ಹೊತ್ತು ನೆನೆಸಿ, ಕಂಚಿನ ತಂತಿಯ ಬ್ರಷ್ಷಿನಿಂದ ಒಳಗೆ ತಿಕ್ಕಿ. ಉಕ್ಕಿನ ಬ್ರಷ್, ಉಪ್ಪುಕಾಗದ ಬೇಡ. ಚೋಕಿನ ಬೆಲೆ ಇರುವುದೇ ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ಟ್ಯೂಬಿನ ಥ್ರೆಡ್ಡಿನಷ್ಟೇ ಗಮನ ನಳಿಗೆಯೊಳಗಿನ ಥ್ರೆಡ್ಡಿಗೂ ಕೊಡಿ. ಹಳೆಯ ಹಲ್ಲುಜ್ಜುವ ಬ್ರಷ್ ಅದಕ್ಕೆ ಸಾಕು. ಒರೆಸಿ ಒಣಗಿಸಿದ ಮೇಲೆ ಥ್ರೆಡ್ಡಿಗೆ ಚೋಕ್ ಗ್ರೀಸನ್ನು ತೆಳ್ಳಗೆ ಸವರಿ. ಬರಿಯ ತೆಳು ಎಣ್ಣೆ ಈಡಿನ ಬಿಸಿಗೆ ಉಳಿಯುವುದಿಲ್ಲ.

ಕೂರಿಸುವಾಗ ಬೆರಳಲ್ಲೇ ತಿರುಗಿಸಿ ತುದಿಮುಟ್ಟಿಸಿ. ಮಧ್ಯದಲ್ಲೇ ಬಿಗಿಯಾದರೆ ಥ್ರೆಡ್ ಅಡ್ಡ ಹತ್ತಿದೆ ಇಲ್ಲವೇ ಕೊಳೆ ಇದೆ ಎಂದರ್ಥ. ಬಲ ಹಾಕದೆ ಬಿಚ್ಚಿ ಮತ್ತೆ ನೋಡಿ. ಕೊನೆಗೆ ಕೀಲಿಯಿಂದ ಸಣ್ಣದೊಂದು ಬಿಗಿತ ಸಾಕು. ಟ್ಯೂಬಿನ ಹಿಂದಿನ ತೆಳು ಅಂಚು ನಳಿಗೆಯೊಳಗಿನ ಮೆಟ್ಟಿಲಿಗೆ ಪೂರ್ತಿ ಒರಗಿ ಕೂತಿರಬೇಕು. ಸಡಿಲವಾಗಿ ಮುಂದೆ ಬಂದಿದ್ದರೆ, ಈಡಿನ ಚರೆಯೂ ಬಟ್ಟಲೂ ಆ ಸಂದಿಗೆ ನುಗ್ಗಿ ಟ್ಯೂಬನ್ನು ಸೀಳಿ, ನಳಿಗೆಯ ಬಾಯನ್ನೇ ಉಬ್ಬಿಸಬಹುದು. ಅದು ರಿಪೇರಿಯಾಗದ ಹಾನಿ. ಸ್ಪರ್ಧೆಯಲ್ಲಿ ನಳಿಗೆ ಬಿಸಿಯಾಗಿ, ಏಟಿನ ಅದುರಿಗೆ ಟ್ಯೂಬ್ ತಾನಾಗಿ ಸಡಿಲಾಗುವುದುಂಟು. 25 ತಟ್ಟೆಗಳ ಒಂದೊಂದು ಸುತ್ತು ಮುಗಿದಾಗಲೂ ಕೀಲಿ ಹಾಕಿ ಪರೀಕ್ಷಿಸಿ. ಟ್ಯೂಬ್ ಇಲ್ಲದೆ ಒಂದೇ ಒಂದು ಈಡನ್ನೂ ಹಾರಿಸಬೇಡಿ. ತೆರೆದ ಥ್ರೆಡ್ ಕೆಡುತ್ತದೆ. ಒಂದು ಕಂಪನಿಯ ಟ್ಯೂಬ್ ಇನ್ನೊಂದು ಕಂಪನಿಯ ಕೋವಿಗೆ ಕೂತಂತೆ ಕಂಡರೂ ಹಾಕಬೇಡಿ. ಒಂದೇ ಕಂಪನಿಯ ಎರಡು ಮಾದರಿಗಳಿಗೂ ಥ್ರೆಡ್ ಬೇರೆಯಿರುತ್ತದೆ; ಬೆರೆಟ್ಟಾದ ಮೊಬಿಲ್‌ಚೋಕ್ ಮತ್ತು ಆಪ್ಟಿಮಾಚೋಕ್ ಅದಕ್ಕೆ ಉದಾಹರಣೆ.

ಟ್ಯೂಬ್ ಹಿಡಿದುಕೊಂಡುಬಿಟ್ಟರೆ ಇಕ್ಕಳ ಹಾಕಿ ಎಳೆಯುವುದು, ಬೆಂಕಿಗೆ ಹಿಡಿಯುವುದು ಎರಡೂ ಕೂಡದು. ನಳಿಗೆಯನ್ನು ಕೋವಿಯಿಂದ ಬೇರ್ಪಡಿಸಿ, ಬಾಯಿ ಕೆಳಗಾಗಿ ನಿಲ್ಲಿಸಿ, ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಸರಿಯಾದ ಕೀಲಿಯಿಂದ ಪ್ರಯತ್ನಿಸಿ. ಬರದಿದ್ದರೆ ಕೋವಿ ರಿಪೇರಿಯವರ ಬಳಿ ಒಯ್ಯಿರಿ.

ಮಲೆನಾಡು, ಕೊಡಗಿನವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಎಚ್ಚರಿಕೆ ಬೇಕು. ಮಳೆಯಲ್ಲಿ ನೆನೆದ ಕೋವಿಯನ್ನು ಹೊರಗಿನಿಂದ ಒರೆಸಿದರೆ ಸಾಲದು. ಟ್ಯೂಬಿಗೂ ನಳಿಗೆಗೂ ನಡುವಿನ ಸಂದಿ ನೀರನ್ನು ಹೀರಿಕೊಂಡು ಹಿಡಿದಿಡುತ್ತದೆ. ಒಳನಳಿಗೆಗೆ ಕ್ರೋಮಿಯಂ ಲೇಪ ಇದ್ದರೂ ಥ್ರೆಡ್ಡಿಗೆ ಇರಲಿಕ್ಕಿಲ್ಲ. ಅಂದೇ ಬಿಚ್ಚಿ ಒಣಗಿಸಿ. ಚರ್ಮದ ಚೀಲ, ಉಣ್ಣೆಬಟ್ಟೆಯ ಸುತ್ತು ತೇವ ಹಿಡಿಯುತ್ತವೆ. ಮಳೆಗಾಲ ಪೂರ್ತಿ ಕೋವಿಯನ್ನು ಅದರಲ್ಲಿ ಮಲಗಿಸಬೇಡಿ. ಬೀಗದ ಕಪಾಟಿನಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆಗೆ, ಟ್ಯೂಬ್ ಕೂರಿಸಿಯೇ ಇಡಿ.

ಮಳೆಗಾಲದ ಕೊನೆಗೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುತ್ತದೆ. ಕೋವಿಗಳನ್ನು ನೆಲ್ಲಕ್ಕಿಯಲ್ಲಿ, ಅಂದರೆ ನಡುಮನೆಯಲ್ಲಿ, ಇಟ್ಟು ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸಿ ಪೂಜಿಸುತ್ತಾರೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಪೂಜೆಗೂ ಸ್ಪರ್ಧೆಗೂ ನಡುವೆ ಐದು ನಿಮಿಷ ತೆಗೆದುಕೊಳ್ಳಿ. ನಳಿಗೆ ಶುಚಿ ಮಾಡುವ ಕೋಲಿಗೆ ಒಣಬಟ್ಟೆ ಸುತ್ತಿ ಒಳಗೆ ಒಮ್ಮೆ ಹಾಯಿಸಿ. ಬಾಯೊಳಗೆ ಹೂವಿನ ಎಸಳಾಗಲಿ, ಜೇಡರ ಬಲೆಯಾಗಲಿ, ಮಳೆಗಾಲಕ್ಕೆಂದು ಬಳಿದ ಎಣ್ಣೆಯಾಗಲಿ ಉಳಿದಿರಬಾರದು. ನಳಿಗೆಯ ಅತಿ ಕಿರಿದಾದ ಜಾಗದಲ್ಲಿ ಸಿಕ್ಕಿಕೊಂಡ ಸಣ್ಣ ಅಡ್ಡಿಯೂ ದೊಡ್ಡ ಅನಾಹುತ ಮಾಡೀತು.

ಕೊನೆಯದಾಗಿ ಖರ್ಚಿನ ಮಾತು. ಬಣ್ಣಬಣ್ಣದ, ಬಾಯಿಂದ ಹೊರಚಾಚಿದ, ಗಾಳಿತೂತಿನ ಟ್ಯೂಬುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ನೋಡಲು ಚೆಂದ. ಅವುಗಳಿಂದ ತಟ್ಟೆ ಹೆಚ್ಚು ಒಡೆಯುವುದೋ ಇಲ್ಲವೋ ಎಂಬುದಕ್ಕೂ ನಾನು ಹೇಳಿದ ಕಾಗದವೇ ಸಾಕ್ಷಿ. ಹೊಸ ಕೋವಿಯ ಜೊತೆಗೆ ಬರುವ ಟ್ಯೂಬುಗಳಲ್ಲೇ ನಿಮ್ಮ ಆಟಕ್ಕೆ ಬೇಕಾದವು ಎರಡು ಇರುತ್ತವೆ. ಅವನ್ನು ನಿಮ್ಮ ತೋಟಾದೊಂದಿಗೆ ಪರೀಕ್ಷಿಸಿ, ಫಲವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಆಮೇಲೆ ಅವುಗಳ ಗೊಡವೆಗೆ ಹೋಗಬೇಡಿ. ಸುತ್ತಿನ ನಡುವೆ ಎರಡು ತಟ್ಟೆ ತಪ್ಪಿದ ಕೂಡಲೇ ಚೋಕ್ ಬದಲಿಸಲು ಹೊರಡುವವರನ್ನು ಪ್ರತಿ ರೇಂಜಿನಲ್ಲೂ ಕಾಣಬಹುದು. ಆ ಎರಡು ತಪ್ಪಿಗೆ ಕಾರಣ ಬಹುಮಟ್ಟಿಗೆ ಕೆನ್ನೆ ಕೋವಿಯ ಹಿಡಿಯಿಂದ ಎದ್ದದ್ದು, ಇಲ್ಲವೇ ಕುದುರೆ, ಅಂದರೆ ಟ್ರಿಗರ್, ಎಳೆಯುವಾಗ ಕೋವಿಯ ಓಟ ನಿಂತದ್ದು. ಅದಕ್ಕೆ ಔಷಧ ಯಾವ ಟ್ಯೂಬಿನಲ್ಲೂ ಇಲ್ಲ. ಹೊಸ ಟ್ಯೂಬಿಗೆ ಇಟ್ಟ ಹಣದಲ್ಲಿ ತೋಟಾ ಕೊಂಡು ಅಭ್ಯಾಸ ಮಾಡಿ.